ಪ್ಲಾಟ್‌ಫಾರಂನಲ್ಲಿ ಸುಮ್ನೆ ನಿಂತಿರುವ ರೈಲನ್ನು ಓಡಿಸಿ

ಗೆ,
ಪ್ರಯಾಣಿಕರ ರೈಲು ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಇಂಟರ್‌ಸಿಟಿ ರೈಲಿನ ಸಮಯ ಬದಲಾವಣೆ ಮತ್ತು ಮಧ್ಯಾಹ್ನ ಇನ್ನೊಂದು ಜೋಡಿ ಓಡಾಟದ ಬಗ್ಗೆ

ಮಾನ್ಯರೇ,

ನಿಮ್ಮ ಇಂಟರ್‌ಸಿಟಿ ರೈಲಿನಲ್ಲಿ ಆರು ವರ್ಷದಿಂದ ಪಾಸ್ ಮಾಡಿಸಿ ಓಡಾಡುತ್ತಿದ್ದೇನೆ. ಒಂದೇ ರಾಜ್ಯದ ಎರಡು ನಗರ, ನಡುವೆ 118 ಕಿಲೋಮೀಟರ್, ಎರಡು ಗಂಟೆ ಹತ್ತು ನಿಮಿಷದ ದಾರಿ. ಬಸ್ಸಿಗೆ ಮೂರು ಗಂಟೆ ಬೇಕು, ಮಳೆ ಬಂದರೆ ಇನ್ನೂ ಜಾಸ್ತಿ. ಹಾಗಾಗಿ ರೈಲೇ ಎಲ್ಲರಿಗೂ ಬೇಕಾಗಬೇಕಿತ್ತು. ಆದರೆ ದಿನಕ್ಕೆ ಒಂದೇ ಜೋಡಿ, ಅದೂ ಯಾರಿಗೂ ಆಗಿಬರದ ಸಮಯಕ್ಕೆ. ಬೆಳಿಗ್ಗೆ 8.30ಕ್ಕೆ ಹೊರಟು 10.40ಕ್ಕೆ ದೊಡ್ಡ ನಗರ ಮುಟ್ಟುತ್ತದೆ, ಸಂಜೆ 5.20ಕ್ಕೆ ವಾಪಸ್ ಹೊರಡುತ್ತದೆ. ಆಫೀಸು ಶುರುವಾಗುವುದು ಹತ್ತಕ್ಕೆ, ಬಿಡುವುದು ಐದೂವರೆಗೆ. ನಾನು ಬೆಳಿಗ್ಗೆ ತಡವಾಗಿ ಬಂದು ಸಂಜೆ ಬೇಗ ಹೊರಡುವುದಕ್ಕೆ ನಮ್ಮ ಆಫೀಸಿನಲ್ಲಿ ಒಪ್ಪಿಗೆ ಕೇಳಿ ಪಡೆದಿದ್ದೇನೆ, ಅದಕ್ಕೆ ಬದಲಾಗಿ ಶನಿವಾರವೂ ಕೆಲಸ ಮಾಡುತ್ತೇನೆ. ಎಲ್ಲರಿಗೂ ಇದು ಸಿಗುತ್ತದಾ?

ಹೋದ ವರ್ಷ ಇದೇ ವಿಷಯಕ್ಕೆ ಬರೆದಿದ್ದೆ. ಎರಡು ಸಾಲಿನ ಉತ್ತರ ಬಂತು. ಈಗಿರುವ ರೈಲಿನಲ್ಲೇ ಅರ್ಧ ಸೀಟು ಖಾಲಿ ಇರುತ್ತದೆ, ಆದ್ದರಿಂದ ಹೆಚ್ಚುವರಿ ಸೇವೆಗೆ ಬೇಡಿಕೆ ಇಲ್ಲ, ಅಂತ. ಖಾಲಿ ಇರುವುದು ನಿಜ. ನಾನೇ ದಿನಾ ನೋಡುತ್ತೇನೆ. ಆದರೆ ಯಾಕೆ ಖಾಲಿ ಅಂತ ನಿಮ್ಮಲ್ಲಿ ಯಾರಾದರೂ ಕೇಳಿದಿರಾ? ಆ ಉತ್ತರ ಬಂದಮೇಲೆ ಒಂದು ವಾರ ಬೆಳಿಗ್ಗೆ ಆರು ಗಂಟೆಗೇ ಎದ್ದು ಹೋಗಿ ಸ್ಟೇಷನ್ ಎದುರಿನ ಬಸ್ ನಿಲ್ದಾಣದಲ್ಲಿ ನಿಂತೆ. ಆರೂವರೆಯಿಂದ ಏಳೂವರೆ ಒಳಗೆ ದೊಡ್ಡ ನಗರಕ್ಕೆ ಹೊರಟ ಬಸ್ಸುಗಳಲ್ಲಿ ಒಂದರಲ್ಲೂ ಸೀಟು ಉಳಿದಿರಲಿಲ್ಲ. ಕಾಲೇಜು ಹುಡುಗರು ಬ್ಯಾಗು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ರಸ್ತೆ ದಾಟಿದರೆ ಸ್ಟೇಷನ್, ಅಲ್ಲಿ ನಿಮ್ಮ ರೈಲು ಲೈಟ್ ಆರಿಸಿಕೊಂಡು 8.30 ಆಗಲಿ ಅಂತ ಕಾಯುತ್ತಿತ್ತು. ನಿಮ್ಮ ಬೇಡಿಕೆ ಇರುವುದು ಆ ಬಸ್ಸುಗಳಲ್ಲಿ. ಟಿಕೆಟ್ ಲೆಕ್ಕದಲ್ಲಿ ಅವರು ಕಾಣುವುದಿಲ್ಲ, ಯಾಕಂದರೆ ಅವರಿಗೆ ಆಗುವ ರೈಲನ್ನು ನೀವು ಬಿಟ್ಟೇ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಮೊನ್ನೆ ಅಪ್ಪನನ್ನು ದೊಡ್ಡ ನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಕ್ತ ಪರೀಕ್ಷೆ ಹನ್ನೆರಡಕ್ಕೇ ಮುಗಿಯಿತು, ಡಾಕ್ಟರು ನೋಡಿ ಕಳಿಸಿದರು. ಅಪ್ಪನಿಗೆ ಬಸ್ಸಿನಲ್ಲಿ ಕೂತರೆ ತಲೆ ಸುತ್ತುತ್ತದೆ, ಅದಕ್ಕೆ ರೈಲೇ ಇರಲಿ ಅಂದರು. ಸರಿ, ಸ್ಟೇಷನ್ನಿಗೆ ಬಂದು ಕೂತೆವು. ಮೂರನೇ ಪ್ಲಾಟ್‌ಫಾರಂನಲ್ಲಿ ನಮ್ಮದೇ ರೈಲು ನಿಂತಿತ್ತು, ಬಾಗಿಲೆಲ್ಲ ಮುಚ್ಚಿ. ಅಪ್ಪ ಫೈಲು ತೊಡೆ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಇದು ಕೆಟ್ಟು ನಿಂತಿದೆಯೇನೋ?" ಇಲ್ಲ ಅಪ್ಪಾ, ಚೆನ್ನಾಗಿಯೇ ಇದೆ, ಐದೂ ಇಪ್ಪತ್ತಕ್ಕೆ ಹೊರಡುತ್ತದೆ ಅಂದೆ. ಅವರು ಏನೂ ಮಾತಾಡಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತೊಂದು ವರ್ಷದವರು.

ನನ್ನ ದೂರು ಇಷ್ಟೇ. 10.40ಕ್ಕೆ ಬಂದ ರೈಲು 5.20ರ ತನಕ, ಅಂದರೆ ಆರು ಗಂಟೆ ನಲವತ್ತು ನಿಮಿಷ, ಸುಮ್ನೆ ನಿಂತಿರುತ್ತದೆ. ತೊಳೆಯುವುದು, ರಿಪೇರಿ ಎಲ್ಲ ರಾತ್ರಿ ನಮ್ಮ ಕಡೆಯೇ ಆಗುತ್ತದೆ. ಎರಡೂ ತುದಿಯಲ್ಲಿ ಚಾಲಕರ ಕ್ಯಾಬಿನ್ ಇರುವ ಗಾಡಿ, ಎಂಜಿನ್ ಬಿಚ್ಚಿ ಆ ಕಡೆಗೆ ಜೋಡಿಸುವ ಕೆಲಸವೂ ಇಲ್ಲ. ಹೋಗಿ ಬರುವುದಕ್ಕೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಸಾಕು. ಹೊಸ ರೈಲು ಕೊಡಿ ಅಂತ ನಾನು ಕೇಳುತ್ತಿಲ್ಲ, ಇರುವುದನ್ನೇ ಓಡಿಸಿ ಅನ್ನುತ್ತಿದ್ದೇನೆ. ಚಾಲಕರು, ಗಾರ್ಡ್ ಇನ್ನೊಂದು ಪಾಳಿಗೆ ಬೇಕಾಗುತ್ತಾರೆ, ಗೊತ್ತು. ಅದು ಖರ್ಚು. ಆದರೆ ರೈಲು ಮಾಡಿಸಲು ಹಾಕಿದ ದುಡ್ಡು ಆಗಲೇ ಹಾಕಿ ಆಗಿದೆ ಅಲ್ವಾ, ನಿಲ್ಲಿಸಿಟ್ಟರೆ ಅದು ವಾಪಸ್ ಬರುವುದಿಲ್ಲ.

ನಿಮ್ಮವರು ಹೇಳುವ ಇನ್ನೊಂದು ಕಾರಣ ಲೈನಿನಲ್ಲಿ ಜಾಗ ಇಲ್ಲ ಅನ್ನುವುದು. ಸಿಂಗಲ್ ಲೈನು, ಗೂಡ್ಸ್ ಗಾಡಿಗಳೂ ಅದರಲ್ಲೇ ಓಡಬೇಕು. ಒಪ್ಪುತ್ತೇನೆ. ಒಂದೇ ಹಳಿಯಲ್ಲಿ ಎದುರುಬದುರು ಬರುವ ಎರಡು ರೈಲು ಒಂದನ್ನೊಂದು ದಾಟಬೇಕಾದರೆ ಲೂಪ್ ಲೈನ್, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ, ಇರುವ ಸ್ಟೇಷನ್ನೇ ಬೇಕು, ಒಂದು ಲೂಪಿನಿಂದ ಇನ್ನೊಂದು ಲೂಪಿಗೆ ದೂರ ಹೆಚ್ಚಾದಷ್ಟೂ ಕಾಯುವುದು ಹೆಚ್ಚು. ನಮ್ಮ ದಾರಿಯಲ್ಲಿ ನಡುವಿನ ಒಂದು ಸ್ಟೇಷನ್ನಿನಲ್ಲಿ ಲೂಪ್ ಇದೆ, ಆದರೆ ಬಳಕೆಯಲ್ಲಿಲ್ಲ. ಕಿಟಕಿಯಿಂದ ನೋಡಿದರೆ ಹಳಿ ಕಾಣದಷ್ಟು ಹುಲ್ಲು, ಸ್ಲೀಪರ್ ನಡುವೆ ಗಿಡ ಎದ್ದಿದೆ. ಅದರಿಂದಾಗಿ ಅದರ ಹಿಂದಿನ ಸ್ಟೇಷನ್ನಿನಲ್ಲಿ ನಮ್ಮನ್ನು ಕ್ರಾಸಿಂಗಿಗೆ ಅಂತ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಡಬ್ಲಿಂಗ್, ಅಂದರೆ ದಾರಿಯುದ್ದಕ್ಕೂ ಎರಡನೇ ಹಳಿ, ಆಗಲು ವರ್ಷಗಳೇ ಬೇಕು, ಜಮೀನು ಬೇಕು, ಸೇತುವೆ ಬೇಕು. ಆ ಒಂದು ಲೂಪನ್ನು ಸರಿಮಾಡಿ ಸಿಗ್ನಲ್ ಹಾಕಲು ಅಷ್ಟು ಬೇಡ. ಮೊದಲು ಅದನ್ನು ಮಾಡಿ.

ಗೂಡ್ಸ್ ಇದ್ದರೆ ಪ್ರಯಾಣಿಕರ ರೈಲು ಹೆಚ್ಚಿಸಲು ಆಗುವುದೇ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಪಿಟಲ್ ಕಾರಿಡಾರ್ ಅಂತ ಒಂದು ಸೇವೆ ಇದೆ, ಒಂದೇ ರಾಜ್ಯದ ಒಳಗೆ ಓಡುವುದು, ದುಡ್ಡು ಹಾಕುವುದು ರಾಜ್ಯ ಸರ್ಕಾರ. ಬಹುಪಾಲು ಹಳಿ ಸರಕು ಸಾಗಿಸುವ ಕಂಪನಿಯದು. 1991ರಲ್ಲಿ ದಿನಕ್ಕೆ 3 ಜೋಡಿ ರೈಲಿನಿಂದ ಶುರುವಾಯಿತು. 2006ರ ಹೊತ್ತಿಗೆ ಸ್ಯಾಕ್ರಮೆಂಟೊ ಮತ್ತು ಓಕ್‌ಲ್ಯಾಂಡ್ ನಡುವೆ ವಾರದ ದಿನಗಳಲ್ಲಿ 16 ಜೋಡಿ ಆಗಿತ್ತು. ಒಂದೇ ಸಲಕ್ಕೆ ಆಗಿದ್ದಲ್ಲ, ಹಳಿ ಸುಧಾರಿಸುತ್ತಾ ರೈಲು ಸೇರಿಸುತ್ತಾ ಹೋದರು. ಸ್ವಿಟ್ಜರ್ಲೆಂಡ್ 1982ರಲ್ಲಿ ದೇಶಕ್ಕೆಲ್ಲ ಒಂದೇ ಕ್ರಮದ ವೇಳಾಪಟ್ಟಿ ತಂದಿತು, ಮುಖ್ಯ ದಾರಿಗಳಲ್ಲಿ ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಜನ ರೈಲಿಗೆ ಬರುತ್ತಾರೆ. ನಮ್ಮಲ್ಲಿ 5.20 ತಪ್ಪಿದರೆ ಆ ದಿನದ ಕಥೆ ಮುಗಿಯಿತು. ಆ ಭಯಕ್ಕೇ ನನ್ನ ಗುರುತಿನವರು ಎಷ್ಟೋ ಜನ ಬೆಳಿಗ್ಗೆಯೂ ಬಸ್ಸೇ ಹತ್ತುತ್ತಾರೆ.

ನಿಮ್ಮ ಚಾಲಕರು, ಗಾರ್ಡ್, ಟಿಕೆಟ್ ಕೌಂಟರಿನವರ ಬಗ್ಗೆ ನನಗೆ ಏನೂ ದೂರಿಲ್ಲ. ಆರು ವರ್ಷದಲ್ಲಿ ಒಬ್ಬರೂ ಒರಟಾಗಿ ಮಾತಾಡಿಲ್ಲ. ಈ ಪತ್ರ ವೇಳಾಪಟ್ಟಿ ಬರೆಯುವವರಿಗೆ.

ನಾನು ಕೇಳುವುದು ಇದು. ಬೆಳಿಗ್ಗೆ 8.30ರ ಬದಲು 7.15ಕ್ಕೆ ಹೊರಡಿಸಿ, 9.25ಕ್ಕೆ ಮುಟ್ಟುತ್ತದೆ. ಅದೇ ರೈಲನ್ನು 10.30ಕ್ಕೆ ವಾಪಸ್ ಕಳಿಸಿ, ತಡವಾಗಿ ಹೊರಡುವವರಿಗೆ ನಮ್ಮ ಕಡೆಯಿಂದ ಮಧ್ಯಾಹ್ನ 1.15ಕ್ಕೆ ಮತ್ತೆ ಬಿಡಿ. 3.25ಕ್ಕೆ ದೊಡ್ಡ ನಗರಕ್ಕೆ ಬಂದಿರುತ್ತದೆ, ಸಂಜೆ 6.15ಕ್ಕೆ ಕೊನೆಯ ಟ್ರಿಪ್. ನಡುವೆ ಏನಾದರೂ ತಡವಾದರೂ ಸರಿಹೊಂದಿಸಿಕೊಳ್ಳಲು ಎರಡೂ ಮುಕ್ಕಾಲು ಗಂಟೆ ಇರುತ್ತದೆ. ಒಂದು ತಿಂಗಳಲ್ಲಿ ಲೆಕ್ಕ ಹಾಕಬೇಡಿ, ಜನಕ್ಕೆ ಗೊತ್ತಾಗಿ ಅಭ್ಯಾಸ ಬದಲಾಗಲು ಟೈಮ್ ಬೇಕು. ಒಂದು ವರ್ಷ ಓಡಿಸಿ, ಆಮೇಲೆ ಸೀಟು ಎಣಿಸಿ.

ಆಗುವುದಿಲ್ಲ ಅಂತಾದರೆ ಯಾವ ಟ್ರಿಪ್, ಯಾವ ಎರಡು ಸ್ಟೇಷನ್ ನಡುವೆ, ಯಾವ ಹೊತ್ತಿಗೆ ಜಾಗ ಸಿಗುತ್ತಿಲ್ಲ ಅಂತ ಬರೆದು ತಿಳಿಸಿ. ಬೇಡಿಕೆ ಇಲ್ಲ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡಿ. ಅನುಮಾನ ಇದ್ದರೆ ಯಾವುದಾದರೂ ಸೋಮವಾರ ಬೆಳಿಗ್ಗೆ ಆರೂವರೆಗೆ ನಿಮ್ಮವರೊಬ್ಬರನ್ನು ಆ ಬಸ್ ನಿಲ್ದಾಣಕ್ಕೆ ಕಳಿಸಿ, ನಾನೂ ಬರುತ್ತೇನೆ.

ಇಂತಿ,
8.30ರ ರೈಲಿನ ಪಾಸ್‌ದಾರ