ಗಾಡಿ ಇನ್ನು ಮೇಲೆ ಆರು ಗಂಟೆ ಮೊದಲೇ ಹೊರಡುತ್ತದೆ

ಎಲ್ಲರಿಗೂ ನಮಸ್ಕಾರ,

ಮುಂದಿನ ಒಂದನೇ ತಾರೀಖಿನಿಂದ ದೇವನಹಳ್ಳಿ ಏರ್‌ಪೋರ್ಟ್ ಡ್ರಾಪ್‌ಗೆ ಮೈಸೂರಿಂದ ಗಾಡಿ ಫ್ಲೈಟಿಗೆ ಆರು ಗಂಟೆ ಮೊದಲು ಹೊರಡುತ್ತದೆ. ಇಷ್ಟು ದಿನ ಐದು ಗಂಟೆ ಇತ್ತು. ವಿದೇಶದ ಫ್ಲೈಟಾದರೆ ಏಳು. ಬಾಡಿಗೆ 300 ರೂಪಾಯಿ ಜಾಸ್ತಿ.

ಹೋದ ತಿಂಗಳು ಕುವೆಂಪುನಗರದ ಒಬ್ಬ ಅಮ್ಮ ಮಗಳ ಬಾಣಂತನಕ್ಕೆ ದೆಹಲಿಗೆ ಹೊರಟಿದ್ದರು. ಬೆಂಗಳೂರಿನ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಗಾಡಿ ಸಿಕ್ಕಿಹಾಕಿಕೊಂಡು, ಇವರು ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಅಂಟಿನುಂಡೆ ಡಬ್ಬ ಹಿಡಿದುಕೊಂಡು ವಾಪಸ್ ಬಂದರು. ಐದು ಗಂಟೆ ಸಾಕು ಅಂದಿದ್ದು ನಾವೇ. ತಪ್ಪು ನಮ್ಮದು, ಕ್ಷಮಿಸಿ ಅಮ್ಮ.

ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಫ್ಲೈಟು ದೆಹಲಿಗೇ ಎರಡು ಮುಕ್ಕಾಲು ಗಂಟೆಗೆ ಹೋಗುತ್ತೆ, ನೀವು ದೇವನಹಳ್ಳಿಗೆ ನಾಲ್ಕು ಗಂಟೆ ಅಂತೀರಲ್ಲ ಸ್ವಾಮಿ!" ಸರಿ, ಲೆಕ್ಕ ಹಾಕೋಣ. ಬೆಂಗಳೂರಿಂದ ದೆಹಲಿಗೆ ನೇರ ಗೆರೆ ಎಳೆದರೆ ಸುಮಾರು 1,700 ಕಿ.ಮೀ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ.ಗಿಂತ ಜಾಸ್ತಿ ಓಡುತ್ತದೆ. ಅಲ್ಲಿಗೆ ಎರಡು ಗಂಟೆ ಚಿಲ್ಲರೆ ಆಯಿತು. ಮತ್ತೆ ಟಿಕೆಟ್ಟಿನಲ್ಲಿ ಎರಡು ಮುಕ್ಕಾಲು ಯಾಕೆ? ಯಾಕೆಂದರೆ ಅದು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕದ ಹೊತ್ತು. ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಹತ್ತುವಾಗ ಇಳಿಯುವಾಗ ವೇಗ ಕಮ್ಮಿ, ಕೆಳಗೆ ಜಾಗ ಸಿಗದಿದ್ದರೆ ಮೇಲೇ ಸುತ್ತು ಹೊಡೆಯಬೇಕು. ಇದನ್ನೆಲ್ಲ ಸೇರಿಸಿಯೇ ಅವರು ಟೈಮ್ ಹಾಕಿರುತ್ತಾರೆ. ಹತ್ತು ನಿಮಿಷ ಮೊದಲೇ ಇಳಿದರೆ ಎಲ್ಲರಿಗೂ ಖುಷಿ. ನಾವು ಹೆಬ್ಬಾಳಕ್ಕೆ ಅಂತ ಒಂದು ಗಂಟೆ ಸೇರಿಸಿದರೆ ಮಾತ್ರ ಸೋಮಾರಿಗಳು, ಅಲ್ವಾ?

ನಮ್ಮ ದಾರಿ ಸುಮಾರು 185 ಕಿ.ಮೀ. 2023ರಲ್ಲಿ ಹೊಸ ಹೈವೇ ಆದ ಮೇಲೆ ಕೆಂಗೇರಿವರೆಗೆ ತೊಂದರೆಯಿಲ್ಲ, ಆದರೆ ಅಲ್ಲೂ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಕೆಂಗೇರಿ ಆದಮೇಲೆ ದೇವರೇ ಗತಿ. ಟೋಲ್ ಲೆಕ್ಕವನ್ನೂ ನೋಡಿ: ಹೈವೇಗೆ, ನೈಸ್ ರಸ್ತೆಗೆ, ಸಾದಹಳ್ಳಿಯಲ್ಲಿ. ವಾಪಸ್ ಗಾಡಿ ಖಾಲಿ ಬಂದರೂ ಟೋಲ್‌ನವರು ಸುಮ್ನೆ ಬಿಡುವುದಿಲ್ಲ. ಜಾಸ್ತಿ ಮಾಡಿದ 300ರಲ್ಲಿ 200 ಡ್ರೈವರ್ ಬಾಟಾಕ್ಕೆ ಹೋಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಅಷ್ಟೂ ಕೊಡದಿದ್ದರೆ ಹೇಗೆ?

"ಮೈಸೂರಲ್ಲೇ ಮಂಡಕಳ್ಳಿ ಏರ್‌ಪೋರ್ಟ್ ಇದೆಯಲ್ಲ" ಅನ್ನುವವರಿಗೆ: ಅಲ್ಲಿನ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಫ್ಯಾನಿನ ವಿಮಾನಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ನಿಮ್ಮ ಊರಿಗೆ ಅಲ್ಲಿಂದಲೇ ಸಿಕ್ಕರೆ ಧಾರಾಳವಾಗಿ ಹೋಗಿ, ನಮಗೆ ಬೇಜಾರಿಲ್ಲ. ಅಲ್ಲಿಗೂ ನಾವೇ ಬಿಡುತ್ತೇವೆ.

ದುಬೈಯಿಂದ ವಾಪಸ್ ಬರುವವರು ಇಳಿಯುವ ಹೊತ್ತನ್ನು ಇಲ್ಲಿನ ಗಡಿಯಾರದಲ್ಲೇ ಹೇಳಿ. ಅಲ್ಲಿನದು ಒಂದೂವರೆ ಗಂಟೆ ಹಿಂದೆ, ಅದೇ ಗೊಂದಲದಲ್ಲಿ ಎರಡು ಸಲ ನಮ್ಮ ಗಾಡಿ ಸುಮ್ನೆ ಕಾದಿದೆ.

ಈಗಾಗಲೇ ಬುಕ್ ಮಾಡಿದವರಿಗೆ ಹಳೇ ಬಾಡಿಗೆಯೇ. ಮಂಡ್ಯದಲ್ಲಿ ಹತ್ತುವವರ ಮನೆಗೆ ಗಾಡಿ ಮೈಸೂರು ಬಿಟ್ಟ ಮುಕ್ಕಾಲು ಗಂಟೆಗೆ ಬರುತ್ತದೆ. ರಾತ್ರಿ ಎರಡಕ್ಕೆ ಬಂದರೂ ಡ್ರೈವರ್ ಹಾರ್ನ್ ಹೊಡೆಯುವುದಿಲ್ಲ, ಫೋನ್ ಮಾಡುತ್ತಾನೆ. ನಿಮ್ಮ ಪಕ್ಕದ ಮನೆಯವರ ದೂರೂ ನಮಗೆ ತಲುಪಿದೆ.

ಇಂತಿ ನಿಮ್ಮ,
ಸರಸ್ವತಿಪುರಂನ ಟ್ರಾವೆಲ್ಸ್‌ನವರು