‘ದಾಖಲೆ ಇಲ್ಲ’: ನಿಜಕ್ಕೂ ಇಲ್ಲವೇ?

ಕೆಲವು ವೆಬ್‌ಸೈಟ್‌ಗಳಲ್ಲಿ ‘ಹೊಳಲ್ಕೆರೆ’ ಎಂದು ಹುಡುಕಿದರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ. ಡೇಟಾಬೇಸ್ ತೆರೆದು ನೋಡಿದರೆ ಸಾಲುಗಳು ಇದ್ದೇ ಇರುತ್ತವೆ! ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಹೊ’ದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನಿಳಿ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಸೇರಿಸುವಾಗ, ಹುಡುಕುವಾಗ ಎರಡೂ ಕಡೆ ಪಠ್ಯವನ್ನು ಎನ್‌ಎಫ್‌ಸಿ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್) ರೂಪಕ್ಕೆ ತರಬೇಕು. ಹಳೆಯ ದಾಖಲೆಗಳನ್ನೂ ಬಿಡಬಾರದು.

ದಿನಾಂಕದ್ದು ಇನ್ನೊಂದು ಕಾಟ. ವೇಳೆಯೂ ಇರುವ ಕಾಲಂನಲ್ಲಿ ‘5ರಿಂದ 5ರವರೆಗೆ’ ಎಂದು ಕೇಳಿದರೆ 5ರ 00:00 ಗಂಟೆಯ ದಾಖಲೆಯಷ್ಟೇ ಸಿಗುತ್ತದೆ. ‘5ರಿಂದ, 6ಕ್ಕಿಂತ ಮುಂಚೆ’ ಎಂದಿರಬೇಕು.

ಸರ್ವರನ್ನು ಬೈಯುವ ಮೊದಲು ತಂತ್ರಜ್ಞರು ಲಾಗ್‌ನಲ್ಲಿ (ಸರ್ವರಿನ ಚಟುವಟಿಕೆಯ ದಾಖಲೆ) ಇರುವ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಹೋದ ಪ್ರಶ್ನೆಯನ್ನು, ಅದೇ ಮೌಲ್ಯಗಳೊಂದಿಗೆ ನೇರವಾಗಿ ಓಡಿಸಲಿ. ಅದರಲ್ಲಿ ಯಾವ ಸಾಲು ಬೇಕೆಂದು ಹೇಳುವ ‘ವೇರ್’ ಷರತ್ತುಗಳನ್ನು ಒಂದೊಂದಾಗಿ ತೆಗೆಯಲಿ. ಯಾವುದನ್ನು ತೆಗೆದಾಗ ಸಾಲು ಬಂತೋ, ಮೊದಲು ಅಲ್ಲಿ ನೋಡಬೇಕು.

–ಡೇಟಾಬೇಸ್ ನಿರ್ವಾಹಕ, ಚಿತ್ರದುರ್ಗ