ಹಾಸ್ಟೆಲ್ ಹುಡುಗ್ರ ಒಸಡು ಯಾರು ನೋಡ್ತಾರೆ?

ಮಾನ್ಯ ಸಂಪಾದಕರೇ,

ನಾನು ಯುನಿವರ್ಸಿಟಿ ಹಾಸ್ಟೆಲಲ್ಲಿದ್ದು ಎಂಎ ಓದ್ತಿರೋನು. ಬೆಳಿಗ್ಗೆ ನಮ್ಮ ಬ್ಲಾಕಿನ ವಾಶ್‌ಬೇಸಿನ್ ಹತ್ರ ನಿಂತ್ರೆ ಉಗುಳಿದ ನೊರೆ ಕೆಂಪಗಿರೋದು ಮಾಮೂಲಿ ಆಗೋಗಿದೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ. ನನ್ನ ರೂಮ್‌ಮೇಟ್ ಅಂತೂ ರಕ್ತ ಬರೋ ಕಡೆ ಬ್ರಶ್ ತಾಗಿಸೋದನ್ನೇ ಬಿಟ್ಟಿದ್ದ, ಗಾಯ ಆಗಿದೆ ತಾನಾಗೇ ವಾಸಿಯಾಗ್ಲಿ ಅಂತ. ಕೆಲವೇ ತಿಂಗಳಲ್ಲಿ ಕೆಳಗಿನ ಹಲ್ಲುಗಳ ಹಿಂದೆ ಹಳದಿ ಗಾರೆ ಕಟ್ಟಿತು, ಬಾಯಿ ವಾಸನೆ ಶುರುವಾಯ್ತು, ಪಾಪ ಸೆಮಿನಾರ್ ಕೊಡೋಕೂ ಹಿಂಜರೀತಿದ್ದ. ರಕ್ತ ಬರೋದು ಉಜ್ಜಿದ್ದಕ್ಕಲ್ಲ ಸ್ವಾಮಿ, ಹಲ್ಲಿನ ಬುಡದಲ್ಲಿ ಕೂತ ಪ್ಲಾಕ್ ಅನ್ನೋ ಬ್ಯಾಕ್ಟೀರಿಯಾದ ಅಂಟು ಪದರದಿಂದ ಒಸಡು ಊದ್ಕೊಂಡಿರೋದಕ್ಕೆ, ಅದೇ ಜಾಗದಲ್ಲಿ ಮೆತ್ತನೆ ಬ್ರಶ್ಶಿಂದ ಇನ್ನೂ ಸರಿಯಾಗಿ ಉಜ್ಜಬೇಕಿತ್ತು.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಅನ್ನೋ ದಂತ ವಿಜ್ಞಾನಿ 12 ಜನರಿಗೆ, ಅದ್ರಲ್ಲಿ ಹೆಚ್ಚಿನವರು ಡೆಂಟಲ್ ಸ್ಟೂಡೆಂಟ್ಸೇ, ಹಲ್ಲುಜ್ಜೋದು ನಿಲ್ಲಿಸಿ ಅಂತ ಹೇಳಿ ನೋಡಿದ್ರು. 10ರಿಂದ 21 ದಿನದೊಳಗೆ ಎಲ್ಲರಿಗೂ ಒಸಡು ಊದ್ಕೊಂಡಿತು, ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳೀತು. ಎಕ್ಸಾಮ್ ಟೈಮಲ್ಲಿ ನಾವು ರಾತ್ರಿ ಬ್ರಶ್ ಬಿಡೋದು ಇದಕ್ಕಿಂತ ಜಾಸ್ತಿ ದಿನ. ಹಾಗೇ ಬಿಟ್ಟು ಹಲ್ಲು ಹಿಡಿದಿರೋ ಮೂಳೆ ಕರಗೋಕೆ ಶುರುವಾದ್ರೆ ಮಾತ್ರ ಅದು ತಾನಾಗೇ ವಾಪಸ್ ಬರಲ್ಲ. ಸಿಗರೇಟ್ ಸೇದೋರಿಗೆ ಇನ್ನೂ ಅಪಾಯ, ಒಸಡು ಹಾಳಾಗಿದ್ರೂ ಅವ್ರಿಗೆ ರಕ್ತ ಕಮ್ಮಿ ಬರುತ್ತೆ, ಅದಕ್ಕೇ ಎಲ್ಲಾ ಚೆನ್ನಾಗಿದೆ ಅಂದ್ಕೋತಾರೆ.

ಇನ್ನು ಹಲ್ಲು ಕ್ಲೀನ್ ಮಾಡಿಸಿದ್ರೆ ಸಡಿಲ ಆಗುತ್ತೆ ಅನ್ನೋ ಮಾತು ಊರಲ್ಲೂ ಇದೆ ಹಾಸ್ಟೆಲಲ್ಲೂ ಇದೆ. ಅದು ತಪ್ಪು, ಒಳಗೆ ಮೂಳೆ ಮೊದ್ಲೇ ಸವೆದಿರುತ್ತೆ, ಗಾರೆ ತೆಗೆದಾಗ ಅದು ಗೊತ್ತಾಗುತ್ತೆ ಅಷ್ಟೆ.

ದೇಶದಲ್ಲೇ ಅತಿ ಹೆಚ್ಚು ಡೆಂಟಲ್ ಕಾಲೇಜು ಇರೋದು ನಮ್ಮ ರಾಜ್ಯದಲ್ಲಿ. ಹಲ್ಲು ಉದುರಿದ ಬಡ ಹಿರಿಯರಿಗೆ ದಂತಭಾಗ್ಯ ಯೋಜನೇಲಿ ಉಚಿತ ಹಲ್ಲುಸೆಟ್ ಕೊಟ್ಟಿದ್ದಾರೆ, ತುಂಬಾ ಒಳ್ಳೇದೇ, ಆದ್ರೆ ಇಪ್ಪತ್ತು ವರ್ಷದ ಹುಡುಗ್ರ ಹಲ್ಲು ಉಳಿಸೋಕೂ ಏನಾದ್ರೂ ಮಾಡಿ ಅಂತ ಉನ್ನತ ಶಿಕ್ಷಣ ಇಲಾಖೆಗೆ ಕೇಳ್ಕೋತೀನಿ. ಸೆಮಿಸ್ಟರಿಗೊಂದ್ಸಲ ಹತ್ತಿರದ ಡೆಂಟಲ್ ಕಾಲೇಜಿನವರು ಹಾಸ್ಟೆಲಿಗೇ ಬಂದು ಬಾಯಿ ನೋಡ್ಲಿ, ಬೇಕಾದೋರಿಗೆ ಫ್ರೀಯಾಗಿ ಸ್ಕೇಲಿಂಗ್, ಅಂದ್ರೆ ಗಾರೆ ತೆಗೆಯೋ ಕ್ಲೀನಿಂಗ್, ಮಾಡ್ಲಿ. ಅದಕ್ಕೂ ಮುಂಚೆ, ರಾತ್ರಿ ಹತ್ತಕ್ಕೇ ನಿಂತೋಗೋ ಬಾತ್‌ರೂಮ್ ನಲ್ಲೀಲಿ ಹನ್ನೆರಡರ ತನಕ ನೀರು ಬಿಡ್ಸಿ.

ಇಂತಿ,
ಒಬ್ಬ ಹಾಸ್ಟೆಲ್ ವಿದ್ಯಾರ್ಥಿ